ಘಟ್ಟದ ಇಳಿಜಾರು ಮತ್ತು ಬ್ರೇಕ್ ದ್ರವ: ಫೋರ್ ವೀಲ್ ಡ್ರೈವ್ ವಾಹನಗಳ ನಿರ್ವಹಣೆಯ ಒಂದು ವಿವೇಚನೆ

ಎಂಜಿನ್ ಆಯಿಲ್ ಸುತ್ತುತ್ತದೆ. ಬ್ರೇಕ್ ದ್ರವ ಸುತ್ತುವುದಿಲ್ಲ. ಪೆಡಲ್ ಒತ್ತಿದಾಗ ಕೊಳವೆಯೊಳಗೆ ತುಸು ಸರಿದು, ಕಾಲು ತೆಗೆದೊಡನೆ ಹಿಂದಿನ ಜಾಗಕ್ಕೇ ಮರಳುತ್ತದೆ. ಹೀಗಾಗಿ ಮಾಸ್ಟರ್ ಸಿಲಿಂಡರಿನ ಮೇಲಿನ ಡಬ್ಬಿಯಲ್ಲಿ ದ್ರವ ತಿಳಿಯಾಗಿದ್ದರೂ ಚಕ್ರದ ಬಳಿಯ ಕ್ಯಾಲಿಪರಿನಲ್ಲಿ ಅದು ಕೆಟ್ಟಿರಬಹುದು. ಡಬ್ಬಿಯನ್ನಷ್ಟೇ ನೋಡಿ ತೀರ್ಮಾನಿಸುವ ವಾಡಿಕೆ ಫೋರ್ ವೀಲ್ ಡ್ರೈವ್ ವಾಹನಗಳಿಗೆ ಸಾಲದೆಂಬುದು ಈ ಲೇಖನದ ವಾದ.

ಬಳಕೆಯಲ್ಲಿರುವ ಡಾಟ್ 3, ಡಾಟ್ 4 ಮತ್ತು ಡಾಟ್ 5.1 ದರ್ಜೆಯ ದ್ರವಗಳು ಗ್ಲೈಕಾಲ್ ಈಥರ್ ಆಧಾರಿತ. ಗಾಳಿಯ ತೇವವನ್ನು ಹೀರುವುದು ಅವುಗಳ ಗುಣ. ಹೊಸ ಡಾಟ್ 4 ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು. ಸುಮಾರು ಶೇ. 3.7ರಷ್ಟು ನೀರು ಸೇರಿದ ಮೇಲೆ ಮಾನದಂಡ ಕೇಳುವುದು 155 ಡಿಗ್ರಿ ಮಾತ್ರ. ಡಾಟ್ 3ರಲ್ಲಿ ಇದೇ ಮಿತಿಗಳು 205 ಮತ್ತು 140.

ಈ ಅಂತರದ ಅರ್ಥ ಆಗುಂಬೆ, ಚಾರ್ಮಾಡಿಯಂಥ ಘಟ್ಟಗಳಲ್ಲಿ ಸ್ಪಷ್ಟವಾಗುತ್ತದೆ. ಎರಡು ಟನ್ ತೂಕದ ವಾಹನ 500 ಮೀಟರ್ ಎತ್ತರ ಇಳಿದರೆ ಸುಮಾರು 98 ಲಕ್ಷ ಜೂಲ್ ಶಕ್ತಿ ಬಿಡುಗಡೆಯಾಗುತ್ತದೆ. 30 ಡಿಗ್ರಿಯ ಮೂವತ್ತು ಲೀಟರಿಗೂ ಹೆಚ್ಚು ನೀರನ್ನು ಕುದಿಯುವ ಹಂತಕ್ಕೆ ತರುವಷ್ಟು ಶಾಖ ಅದು. ಕಡಿಮೆ ವೇಗದ ಫೋರ್ ಲೋ ಗೇರಿನಲ್ಲಿ ಇಳಿದರೆ ಅದರ ದೊಡ್ಡ ಪಾಲನ್ನು ಎಂಜಿನ್ ತಡೆಯುತ್ತದೆ. ಬ್ರೇಕನ್ನೇ ನೆಚ್ಚಿದರೆ ಶಾಖ ಡಿಸ್ಕಿನಿಂದ ಪ್ಯಾಡಿಗೆ, ಪ್ಯಾಡಿನಿಂದ ಪಿಸ್ಟನ್ನಿಗೆ, ಅಲ್ಲಿಂದ ದ್ರವಕ್ಕೆ ಹರಿಯುತ್ತದೆ. ದ್ರವ ಕುದಿದು ಆವಿಯಾದರೆ ಒತ್ತಡವೆಲ್ಲ ಆವಿಯನ್ನು ಹಿಂಡುವುದರಲ್ಲೇ ಮುಗಿದು ಪೆಡಲ್ ತಳ ಮುಟ್ಟುತ್ತದೆ. ತಣಿದ ಮೇಲೆ ಆವಿ ಮತ್ತೆ ದ್ರವವಾಗಿ ಬ್ರೇಕ್ ಮೊದಲಿನಂತೆ ಹಿಡಿಯುವುದರಿಂದ, ಗ್ಯಾರೇಜಿನಲ್ಲಿ ದೋಷ ಕಾಣದಿರುವುದೇ ಹೆಚ್ಚು ಅಪಾಯಕಾರಿ.

ತೇವ ಒಳಸೇರುವ ದಾರಿಗಳಲ್ಲಿ ರಬ್ಬರ್ ಹೋಸ್ ಒಂದು. ಆಕ್ಸಲ್ ಹೆಚ್ಚು ಮೇಲೆಕೆಳಗೆ ಆಡುವ ಈ ವಾಹನಗಳಿಗೆ ಉದ್ದನೆಯ ಹೋಸ್ ಬೇಕು. ಅದಿರುವುದೂ ಚಕ್ರದ ಹತ್ತಿರವೇ. ಅಂದರೆ ಅತಿ ಹೆಚ್ಚು ಕಾಯುವ ಕಡೆಯಲ್ಲೇ ದ್ರವಕ್ಕೆ ನೀರು ಸೇರುತ್ತದೆ. ಇದರ ಜೊತೆಗೆ, ಕೆಸರು ಮಳೆಗೆ ತುಕ್ಕು ಹಿಡಿದ, ಚಕ್ರದ ಬಳಿ ದ್ರವ ಹೊರಬಿಡುವ ಬ್ಲೀಡರ್ ನಿಪ್ಪಲ್ ಬಿಚ್ಚುವಾಗ ಮುರಿದೀತೆಂಬ ಅಳುಕಿನಿಂದ ಡಬ್ಬಿಯ ದ್ರವವನ್ನಷ್ಟೇ ಹೀರಿ ಹೊಸದನ್ನು ಸುರಿದರೆ, ಕ್ಯಾಲಿಪರಿನಲ್ಲಿ ಹಳೆಯದೇ ಉಳಿಯುತ್ತದೆ. ಕೆಸರು ನೀರನ್ನು ತಡೆಯುವ, ನಿಪ್ಪಲ್ಲಿನ ಪುಟ್ಟ ರಬ್ಬರ್ ಟೋಪಿಯನ್ನು ಕಳೆಯದೆ ಕಾಪಾಡುವುದು ಆದ್ದರಿಂದ ಸಣ್ಣ ಕೆಲಸವಲ್ಲ.

ಎರಡು ವರ್ಷಕ್ಕೊಮ್ಮೆ ಬದಲಿಸಬೇಕೆಂಬ ಸಾಮಾನ್ಯ ಸಲಹೆ ನಗರದ ಬಳಕೆಗೆ ಹೊಂದುತ್ತದೆ. ಮಲೆನಾಡಿನ ಮಳೆಯಲ್ಲಿ, ಹಳ್ಳ ದಾಟುತ್ತ ದುಡಿಯುವ ಜೀಪಿಗೆ ಪ್ರತಿ ಮಳೆಗಾಲದ ನಂತರ ಚಕ್ರದ ನಿಪ್ಪಲ್ಲಿನಿಂದಲೇ ಮಾದರಿ ತೆಗೆದು ಕುದಿಬಿಂದು ಅಳೆಯುವುದು ಸೂಕ್ತ. ಬದಲಿಸುವಾಗ ನಾಲ್ಕೂ ಚಕ್ರಗಳಿಂದ ಹಳೆಯ ದ್ರವ ಹೊರಬರಬೇಕು. ಹಿಂದಿನ ಆಕ್ಸಲ್ಲಿನ ಭಾರಕ್ಕೆ ತಕ್ಕಂತೆ ಒತ್ತಡ ಹೊಂದಿಸುವ ವಾಲ್ವಿಗೆ ಪ್ರತ್ಯೇಕ ನಿಪ್ಪಲ್ ಇದ್ದರೆ ಅಲ್ಲಿಯೂ ಗಾಳಿ ತೆಗೆಯಬೇಕು. ಎಬಿಎಸ್ ಘಟಕದೊಳಗಿನ ದ್ರವ ಹೊರಬರಲು ಹಲವು ಮಾದರಿಗಳಲ್ಲಿ ಸ್ಕ್ಯಾನರಿನಿಂದ ಪಂಪ್ ಓಡಿಸಬೇಕಾಗುತ್ತದೆ. ಡಾಟ್ 5 ಸಿಲಿಕೋನ್ ದ್ರವ. ಗ್ಲೈಕಾಲ್ ದ್ರವವಿರುವ ವಾಹನಕ್ಕೆ ಅದನ್ನು ಬೆರೆಸುವಂತಿಲ್ಲ. ಸುರಿಯುವ ದ್ರವ ಸೀಲ್ ಒಡೆಯದ ಡಬ್ಬಿಯದ್ದೇ ಆಗಿರಬೇಕು. ಕಳೆದ ವರ್ಷ ತೆರೆದಿಟ್ಟ ಅರ್ಧ ಡಬ್ಬಿ ಆಗಲೇ ತೇವ ಕುಡಿದಿರುತ್ತದೆ.