‘ಕ್ರೀಪ್ ಇನ್’: ಅರಿವಿಗೆ ಬಾರದೆ ಒಳಸೇರುವುದರ ಅರ್ಥ ಮತ್ತು ಬಳಕೆ

ಉದಕಮಂಡಲದ ಬಳಿಯ ನಂಜನಾಡಿನಲ್ಲಿ ಸಂಜೆಯ ಮಂಜನ್ನು ಕಂಡವರಿಗೆ ‘ಕ್ರೀಪ್ ಇನ್’ ಎಂಬ ಇಂಗ್ಲಿಷ್ ನುಡಿಗಟ್ಟಿನ ಅರ್ಥ ಸುಲಭವಾಗಿ ತಿಳಿಯುತ್ತದೆ. ಆಲೂಗೆಡ್ಡೆ ಹೊಲದ ಆಚೆಗಿದ್ದ ಮಂಜು ಅಂಗಳಕ್ಕೆ ಯಾವಾಗ ಬಂದಿತೆಂದು ಯಾರೂ ಹೇಳಲಾರರು. ಕಂಡಾಗ ಅದು ಬಂದಾಗಿರುತ್ತದೆ. ‘ಕ್ರೀಪ್’ ಎಂದರೆ ತೆವಳು, ‘ಇನ್’ ಎಂದರೆ ಒಳಗೆ. ಎರಡೂ ಕೂಡಿದಾಗ ‘ಮೆಲ್ಲನೆ, ಗಮನಕ್ಕೆ ಬಾರದಂತೆ ಒಳಸೇರು’ ಎಂಬ ಅರ್ಥ ಬರುತ್ತದೆ. ಕನ್ನಡದ ‘ನುಸುಳು’ ಇದಕ್ಕೆ ಹತ್ತಿರದ ಮಾತು.

ನಿಧಾನವೊಂದೇ ಸಾಲದು, ಗಮನ ತಪ್ಪಿರಲೂ ಬೇಕು. ತಮಿಳುನಾಡಿನ 2006ರ ತಮಿಳು ಕಲಿಕೆ ಕಾಯಿದೆ 2006–07ರಲ್ಲಿ 1ನೇ ತರಗತಿಯಿಂದ ಆರಂಭವಾಗಿ, ವರ್ಷಕ್ಕೊಂದು ತರಗತಿಯಂತೆ ಮೇಲೇರಿತು. ಅದು ಹಂತಹಂತವಾಗಿ ಬಂದರೂ ಎಲ್ಲರಿಗೂ ತಿಳಿಸಿಯೇ ಬಂದ ಕಾರಣ ಅಲ್ಲಿ ‘ಕ್ರೀಪ್ ಇನ್’ ಸಲ್ಲದು. ಆಸ್ಟ್ರೇಲಿಯಾ ಮೂಲದ ವ್ಯಾಟಲ್ ಮರವನ್ನು ನೀಲಗಿರಿಯಲ್ಲಿ ಜನರೇ ನೆಟ್ಟರು. ಅದಕ್ಕೂ ಈ ಮಾತು ಹೊಂದದು. ಆದರೆ ಆ ಮರ ನೆಟ್ಟ ಜಾಗವನ್ನು ದಾಟಿ ಹುಲ್ಲುಗಾವಲಿಗೆ ಹಬ್ಬಿದ್ದನ್ನು ಹೀಗೆ ಹೇಳಬಹುದು: ‘ವ್ಯಾಟಲ್ ಕ್ರೆಪ್ಟ್ ಇನ್‌ಟು ದ ಗ್ರಾಸ್‌ಲ್ಯಾಂಡ್ಸ್.’

ವಿದ್ಯಾರ್ಥಿಗಳು ನೆನಪಿಡಬೇಕಾದ ಅಂಶಗಳು:

1. ಭೂತಕಾಲದ ರೂಪ ‘ಕ್ರೆಪ್ಟ್’. ‘ಕ್ರೀಪ್ಡ್’ ಎಂದು ಬರೆಯಬಾರದು.

2. ಎಲ್ಲಿಗೆ ಸೇರಿತೆಂದು ಹೇಳದಿದ್ದರೆ ‘ಇನ್’: ‘ಎ ಮಿಸ್ಟೇಕ್ ಹ್ಯಾಸ್ ಕ್ರೆಪ್ಟ್ ಇನ್.’ ಸ್ಥಳವನ್ನು ಹೇಳಿದರೆ ‘ಇನ್‌ಟು’: ‘ಎ ಮಿಸ್ಟೇಕ್ ಹ್ಯಾಸ್ ಕ್ರೆಪ್ಟ್ ಇನ್‌ಟು ದ ಆನ್ಸರ್.’

3. ಇದು ಅಕರ್ಮಕ ಕ್ರಿಯಾಪದ. ತಪ್ಪು ತಾನಾಗಿ ನುಸುಳುತ್ತದೆ. ಯಾರೂ ಅದನ್ನು ನುಸುಳಿಸುವುದಿಲ್ಲ. ‘ಹಿ ಕ್ರೆಪ್ಟ್ ಇನ್ ಎ ಮಿಸ್ಟೇಕ್’ ಎಂಬುದು ತಪ್ಪು.

4. ತಪ್ಪು, ಸಂದೇಹ, ಭಯ, ಚಳಿ ಮುಂತಾದ ಬೇಡದ ಸಂಗತಿಗಳಿಗೇ ಇದರ ಬಳಕೆ ಹೆಚ್ಚು. ಮನುಷ್ಯರಿಗೆ ಬಳಸಿದರೆ ಸದ್ದಾಗದಂತೆ ಒಳಬಂದರೆಂದು ಅರ್ಥ. ಕಳ್ಳನಿಗೆ ಅದು ಸರಿ. ಕರೆದ ನೆಂಟರಿಗೆ ‘ಕೇಮ್ ಇನ್’ ಎಂದೇ ಬರೆಯಬೇಕು.

ಈ ಮಾತಿಗೆ ನಮ್ಮ ಮನೆಗಳಲ್ಲಿಯೇ ಒಂದು ಉದಾಹರಣೆಯಿದೆ. ಮಗು ಶಾಲೆಯಲ್ಲಿ ತಮಿಳು, ಇಂಗ್ಲಿಷ್ ಕಲಿಯುವುದು ಒಳ್ಳೆಯದು. ಆ ಭಾಷೆಗಳು ಮುಂಬಾಗಿಲಿನಿಂದಲೇ ಬಂದಿವೆ. ಆದರೆ ‘ಹಾಲು ಕುಡಿದೆ’ ಎನ್ನುತ್ತಿದ್ದ ಮಗು ‘ಮಿಲ್ಕ್ ಕುಡಿದೆ’ ಎನ್ನಲು ತೊಡಗಿದ ದಿನ ಯಾವುದೆಂದು ನಮ್ಮಲ್ಲಿ ಯಾರಿಗೂ ನೆನಪಿಲ್ಲ. ಆ ಪದವನ್ನು ಯಾರೂ ಕಲಿಸಲಿಲ್ಲ, ಯಾರೂ ತಡೆಯಲೂ ಇಲ್ಲ. ‘ಇಂಗ್ಲಿಷ್ ವರ್ಡ್ಸ್ ಹ್ಯಾವ್ ಕ್ರೆಪ್ಟ್ ಇನ್‌ಟು ಅವರ್ ಕನ್ನಡ’ ಎಂಬ ವಾಕ್ಯ ವ್ಯಾಕರಣದ ದೃಷ್ಟಿಯಿಂದ ಸರಿಯಾಗಿದೆ. ನಮ್ಮ ಪಾಲಿಗೆ ನಿಜವೂ ಆಗಿದೆ.

ಪೋಷಕರು ಈ ವಾರ ಮಕ್ಕಳನ್ನು ಜೊತೆಗೆ ಕೂರಿಸಿಕೊಂಡು, ಹೀಗೆ ಮನೆಮಾತಿಗೆ ನುಸುಳಿದ 5 ಪದಗಳನ್ನು ಪಟ್ಟಿ ಮಾಡಲಿ. ಪ್ರತಿಯೊಂದರ ಎದುರು ಕನ್ನಡದ ಪದವನ್ನೂ, ‘ಕ್ರೀಪ್ ಇನ್‌ಟು’ ಬಳಸಿದ ಒಂದು ಇಂಗ್ಲಿಷ್ ವಾಕ್ಯವನ್ನೂ ಬರೆಸಲಿ. ಇಂಗ್ಲಿಷ್ ಪಾಠವೂ ಆದೀತು, ಮರೆಯುತ್ತಿದ್ದ ಕನ್ನಡ ಪದಗಳೂ ಮನೆಗೆ ಮರಳಿಯಾವು.