ತೆಂಗು ನಮ್ದು, ಸೋಪು ಯಾರ್ದು? ನೂರು ವರ್ಷದ ಲೆಕ್ಕ

ಈಚೆಗೆ ನಮ್ಮ ತಿಪಟೂರು ಸೀಮೇಲಿ ಯಾವ ಊರಿಗೆ ಹೋದ್ರೂ ಸಂಘದ ಹೆಣ್ಣುಮಕ್ಕಳು ಕೊಬ್ಬರಿ ಎಣ್ಣೆ ಸೋಪಿನ ಮಾತಾಡ್ತಾರೆ. ನಮ್ಮ ಮನೇಲೂ ಅದೇ ಮಾತು ನಡೀತಿದೆ. ನನ್ನ ಹೆಂಡ್ತಿ, ನಮ್ಮ ಅತ್ತಿಗೆ ಸೇರಿ ಸೋಪು, ಸೀಗೆಪುಡಿ, ತಲೆಗೆ ಹಚ್ಚೋ ಎಣ್ಣೆ ಮಾಡಿ ಮಾರೋಣ ಅಂತಿದ್ದಾರೆ. ಹಾಕೋ ದುಡ್ಡು ಈ ಸಲದ ಕೊಬ್ಬರಿ ದುಡ್ಡು. ಅದಕ್ಕೇ ಈ ದಾರೀಲಿ ನಮಗಿಂತ ಮುಂಚೆ ನಡೆದೋರು ಏನು ಮಾಡಿದ್ರು ಅಂತ ಓದಿ, ಕೇಳಿ ತಿಳ್ಕೊಂಡೆ. ಬರಹ ಸ್ವಲ್ಪ ಉದ್ದ ಇದೆ, ಬಿಡುವಾದಾಗ ಓದಿ.

ಮೊದಲು ನಮ್ಮ ಹಿತ್ತಲಿಂದಲೇ ಶುರು ಮಾಡೋಣ. ನಮ್ಮ ಅಜ್ಜಿ ಕಾಲದ ಬಚ್ಚಲಲ್ಲಿ ಸೋಪು ಇರಲಿಲ್ಲ. ತಲೆಗೆ ಸೀಗೆಪುಡಿ, ಚುಜ್ಜಲುಪುಡಿ, ಅಂಟುವಾಳ. ಮೈಗೆ ಕಡ್ಲೆಹಿಟ್ಟು. ಬಟ್ಟೆಗೆ ಚೌಳು ಮಣ್ಣು. ಬೆಳೆಗೆ ಬಾರದ ಚೌಳು ನೆಲದಲ್ಲಿ ಬೆಳ್ಳಗೆ ಉಕ್ಕುತ್ತಲ್ಲ, ಅದರಲ್ಲಿ ಸೋಡದ ಅಂಶ ಇರುತ್ತೆ, ಕೊಳೆ ಬಿಡುತ್ತೆ. ಸೀಗೆ, ಅಂಟುವಾಳದಲ್ಲಿರೋ ನೊರೆಯ ಅಂಶಕ್ಕೆ ಸಪೋನಿನ್ ಅಂತಾರೆ. ಇವೆಲ್ಲ ಬೇಲಿಲಿ, ಬದುವಲ್ಲಿ ಸಿಗ್ತಿದ್ದವು. ದುಡ್ಡು ಕೊಟ್ಟು ತರೋ ಸಾಮಾನು ಅಂತ ಯಾರೂ ಲೆಕ್ಕಕ್ಕಿಟ್ಟಿರಲಿಲ್ಲ.

ಸೋಪು ಬೇರೆ ಜಾತಿ. ಎಣ್ಣೆಗೋ ಕೊಬ್ಬಿಗೋ ಕ್ಷಾರ ಸೇರಿಸಿದ್ರೆ ಎರಡೂ ಬದಲಾಗಿ ಸೋಪು ಮತ್ತು ಗ್ಲಿಸರಿನ್ ಆಗ್ತವೆ. ಹಿಂದೆ ಕ್ಷಾರಕ್ಕೆ ಸೌದೆ ಬೂದಿ ನೆನೆಸಿದ ನೀರೇ ಗತಿ, ಅದರಿಂದ ಬರೋದು ಮೆತ್ತನೆ ಸೋಪು. 1791ರಲ್ಲಿ ಫ್ರಾನ್ಸಿನ ಲೆಬ್ಲಾಂಕ್ ಉಪ್ಪಿನಿಂದ ಸೋಡ ತೆಗೆಯೋ ದಾರಿ ತೋರಿಸಿದ. 1823ರಲ್ಲಿ ಅದೇ ದೇಶದ ಶೆವ್ರೊಲ್ ಕೊಬ್ಬಿನೊಳಗೆ ಏನಿದೆ ಅಂತ ಬಿಡಿಸಿ ಬರೆದ. ಅಲ್ಲಿಂದ ಮುಂದೆ ಸೋಪು ಕಾರ್ಖಾನೆ ಸರಕಾಯ್ತು. ಕಾರ್ಖಾನೆಗೆ ಎಣ್ಣೆ ಬೇಕು. ಮಲಬಾರು, ಸಿಂಹಳದ ಕೊಬ್ಬರಿ, ಕೊಬ್ಬರಿ ಎಣ್ಣೆ ಹಡಗು ಹತ್ತಿ ಯೂರೋಪಿಗೆ ಹೋದವು.

ಸೋಪಾಗಿ ವಾಪಸ್ ಬಂದಿದ್ದನ್ನೂ ನೋಡಿ. 1888ರಲ್ಲಿ ಕಲ್ಕತ್ತಾ ಬಂದರಲ್ಲಿ ಸನ್‌ಲೈಟ್ ಸೋಪಿನ ಪೆಟ್ಟಿಗೆ ಇಳಿದವು. ಮೇಲೆ ಇಂಗ್ಲೆಂಡಿನ ಲಿವರ್ ಬ್ರದರ್ಸ್ ಮಾಡಿದ್ದು ಅಂತ ಅಚ್ಚು. ಈ ವಿಲಿಯಂ ಲಿವರ್ ದಿನಸಿ ವ್ಯಾಪಾರದ ಮನೆಯವನು. ಆಗ ಅಲ್ಲಿನ ಅಂಗಡಿಗಳಲ್ಲಿ ಸೋಪನ್ನ ಉದ್ದನೆ ಪಟ್ಟಿಯಿಂದ ಕೊಯ್ದು ತೂಕ ಹಾಕಿ ಕೊಡ್ತಿದ್ರು, ನಮ್ಮಲ್ಲಿ ಬೆಲ್ಲ ಒಡೆದು ಕೊಟ್ಟ ಹಾಗೆ. ಇವನು ಮೊದಲೇ ಒಂದೇ ಅಳತೆಗೆ ಕೊಯ್ದು, ಕಾಗದ ಸುತ್ತಿ, ಹೆಸರಿಟ್ಟು ಮಾರಿದ. ಇವತ್ತು ತಗೊಂಡಿದ್ದೂ ಆರು ತಿಂಗಳಾದ ಮೇಲೆ ತಗೊಳ್ಳೋದೂ ಒಂದೇ ಥರ ಇರುತ್ತೆ ಅನ್ನೋ ನಂಬಿಕೆ ಆ ಹೆಸರಿನ ಜೊತೆ ಹೋಯ್ತು. ಕೊಬ್ಬರಿ ಬೆಳೆದೋನಿಗೆ ಕೊಬ್ಬರಿ ರೇಟು ಮಾತ್ರ.

ಈಗ ನಮ್ಮ ಮೈಸೂರು ಸೀಮೆಗೆ ಬರೋಣ. ಇಲ್ಲಿ ಕೊಬ್ಬರಿ ಬದಲು ಗಂಧ. ಗಂಧದ ಮರ ಅರಸರದ್ದು, ಆಮೇಲೆ ಸರ್ಕಾರದ್ದು. ನಿಮ್ಮ ಹೊಲದಲ್ಲಿ ತಾನಾಗೇ ಹುಟ್ಟಿದ್ರೂ ನಿಮ್ದಲ್ಲ. ಆ ಗಂಧದ ಕೊರಡು ಹೊರದೇಶಕ್ಕೆ, ಅದರಲ್ಲೂ ಜರ್ಮನಿಗೆ ಹೋಗ್ತಿತ್ತು, ಎಣ್ಣೆ ಅಲ್ಲಿ ಇಳಿಸ್ತಿದ್ರು. 1914ರಲ್ಲಿ ಮೊದಲನೇ ಮಹಾಯುದ್ಧ ಶುರುವಾಗಿ ಆ ವ್ಯಾಪಾರ ನಿಂತೇ ಹೋಯ್ತು. ಬೊಕ್ಕಸಕ್ಕೆ ದೊಡ್ಡ ಆದಾಯ ಕೊಡ್ತಿದ್ದ ಮರ ಗೋದಾಮಲ್ಲಿ ಬಿತ್ತು.

ಆಗ ನಾಲ್ವಡಿ ಕೃಷ್ಣರಾಜ ಒಡೆಯರು, ದಿವಾನ್ ವಿಶ್ವೇಶ್ವರಯ್ಯನವರು ಎಣ್ಣೆ ಇಲ್ಲೇ ತೆಗೆಯೋಣ ಅಂತ ಹೊರಟ್ರು. ಬೆಂಗಳೂರಿನ ವಿಜ್ಞಾನ ಸಂಸ್ಥೆಯ ಸಡ್‌ಬರೋ, ವಾಟ್ಸನ್ ಅನ್ನೋ ರಸಾಯನ ಪಂಡಿತರು ಬಟ್ಟಿ ಇಳಿಸೋ ಕೆಲಸ ಕೂರಿಸಿ ಕೊಟ್ರು. 1916ರಲ್ಲಿ ಸರ್ಕಾರಿ ಗಂಧದೆಣ್ಣೆ ಶುರು. 1918ರಲ್ಲಿ ಸರ್ಕಾರಿ ಸೋಪಿನ ಕಾರ್ಖಾನೆ. ಸೋಪಿನ ವಿದ್ಯೆ ಕಲಿಯೋಕೆ ಸೋಸಲೆ ಗರಳಪುರಿ ಶಾಸ್ತ್ರಿಗಳನ್ನ ಇಂಗ್ಲೆಂಡಿಗೆ ಕಳಿಸಿದ್ರು. ವಾಪಸ್ ಬಂದು ಅವರು ಕಟ್ಟಿದ್ದೇ ಮೈಸೂರು ಸ್ಯಾಂಡಲ್ ಸೋಪು. ಮೊಟ್ಟೆ ಆಕಾರದ ಬಿಲ್ಲೆ, ಒಡವೆ ಪೆಟ್ಟಿಗೆ ಥರದ ಡಬ್ಬಿ, ಸಿಂಹದ ಮೈಗೆ ಆನೆ ತಲೆಯ ಶರಭದ ಗುರುತು. ನೂರು ವರ್ಷ ದಾಟಿದ್ರೂ ಕಣ್ಣು ಮುಚ್ಚಿ ಮೂಸಿದ್ರೆ ಯಾವ ಸೋಪು ಅಂತ ಹೇಳಬಹುದು. 2006ರಲ್ಲಿ ಅದಕ್ಕೆ ಭೌಗೋಳಿಕ ಗುರುತಿನ ನೋಂದಣಿಯೂ ಸಿಕ್ತು.

ಇದನ್ನ ನಾವು ಹೆಮ್ಮೆಯಿಂದ ಹೇಳ್ಕೋತೀವಿ, ಸರಿ. ಆದ್ರೆ ರೈತನ ಕಡೆಯಿಂದಲೂ ನೋಡಬೇಕು. ಕೊರಡು ಮಾರ್ತಿದ್ದ ರಾಜ್ಯ ಎಣ್ಣೆ ಮಾರೋಕೆ ಶುರು ಮಾಡ್ತು, ಎಣ್ಣೆಯಿಂದ ಸೋಪಿಗೆ ಹೋಯ್ತು. ಒಂದೊಂದು ಮೆಟ್ಟಿಲಿಗೂ ಲಾಭ ಸೇರ್ತಾ ಹೋಯ್ತು. ಗಂಧದ ಗಿಡ ಇದ್ದ ಹೊಲದೋನಿಗೆ ಮಾತ್ರ ಹಕ್ಕು ಬಂದಿದ್ದು 2001ರ ಅರಣ್ಯ ಕಾಯ್ದೆ ತಿದ್ದುಪಡಿ ಆದ ಮೇಲೆ. ಸೋಪು ಹುಟ್ಟಿ ಎಂಬತ್ತು ವರ್ಷ ದಾಟಿತ್ತು.

ರಾಜರ ಮಾತು ಬಿಡಿ, ಮನೇಲಿ ಶುರು ಮಾಡಿದೋರು ಇಲ್ವಾ ಅಂತ ಕೇಳ್ತೀರ. ಇದ್ದಾರೆ. 1969ರಲ್ಲಿ ಮದರಾಸಿನಲ್ಲಿ ರೈಲ್ವೆ ಡಾಕ್ಟರಾಗಿದ್ದ ಕೇರಳದ ವಿ.ಪಿ. ಸಿದ್ಧನ್ ತಮ್ಮ ಮನೆತನದ ಚರ್ಮದೆಣ್ಣೆಯ ಮೇಲೆ ಒಂದು ಸೋಪು ಮಾಡಿದ್ರು. ಗಂಡ ಹೆಂಡ್ತಿ ಸೇರಿ ಮನೇಲೇ, ಕೈಯಲ್ಲೇ. ಅದೇ ಇವತ್ತಿನ ಮೆಡಿಮಿಕ್ಸ್. ಇನ್ನೊಂದು ಕಥೆ ತಮಿಳುನಾಡಿನ ಕಡಲೂರಿನದು. ಅಲ್ಲಿಯ ಚಿನ್ನಿಕೃಷ್ಣನ್ ಶಾಂಪೂನ ಸಣ್ಣ ಪೊಟ್ಟಣಕ್ಕೆ ತುಂಬಿದ್ರು. ಬಾಟ್ಲಿ ಕೊಳ್ಳಲಾರದ ಕೂಲಿಯವರೂ ಕೊಳ್ಳಲಿ ಅಂತ. ಅವರ ಮಗ ರಂಗನಾಥನ್ 1983ರಲ್ಲಿ 15,000 ರೂಪಾಯಿ ಹಾಕಿ ಬೇರೆ ಶುರು ಮಾಡಿದ್ದೇ ಚಿಕ್ ಶಾಂಪೂ. ಸಿದ್ಧನ್ ಆಗ್ಲಿ, ರಂಗನಾಥನ್ ಆಗ್ಲಿ ಶುರುವಲ್ಲೇ ಹತ್ತು ಬಗೆ ಸಾಮಾನು ಹರಡಿಕೊಂಡು ಕೂರಲಿಲ್ಲ. ಒಂದೇ ಸಾಮಾನು, ಕೊಳ್ಳೋರು ಯಾರು ಅನ್ನೋದು ಗೊತ್ತು, ಬೆಲೆ ಅವರ ಜೇಬಿಗೆ ತಕ್ಕ ಹಾಗೆ.

ನನಗೆ ಕಂಡಿದ್ದು ಇಷ್ಟು. ಕಚ್ಚಾ ಸಾಮಾನು ನಮ್ದೇ ಅನ್ನೋದರಿಂದ ಯಾರೂ ಗೆದ್ದಿಲ್ಲ. ಪ್ರತಿ ಬಿಲ್ಲೆಯನ್ನೂ ಒಂದೇ ಥರ ಮಾಡಿದೋರು ಗೆದ್ದಿದ್ದಾರೆ. ಮನೆ ಸೋಪು ಮಾಡೋ ನಮ್ಮ ಕಡೆಯೋರು ಎಡವೋದು ಇಲ್ಲೇ. ಲೋಟದ ಅಳತೆ ನಡೆಯಲ್ಲ, ಗ್ರಾಂ ತೂಕದ ತಕ್ಕಡಿ ಬೇಕು. ಒಂದು ಕೆಜಿ ಕೊಬ್ಬರಿ ಎಣ್ಣೆ ಪೂರ್ತಿ ಸೋಪಾಗೋಕೆ ಸುಮಾರು 183 ಗ್ರಾಂ ಕಾಸ್ಟಿಕ್ ಸೋಡ ಹಿಡಿಯುತ್ತೆ. ಚರ್ಮ ಉರೀಬಾರದು ಅಂತ ನೂರಕ್ಕೆ ಐದು ಕಮ್ಮಿ ಮಾಡಿ 174 ಗ್ರಾಂ ಹಾಕ್ತಾರೆ. ಹೊಂಗೆಗೆ, ಬೇವಿಗೆ, ಎಳ್ಳಿಗೆ ಲೆಕ್ಕ ಬೇರೆ ಬೇರೆ. ಸೋಡಾನ ನೀರಿಗೆ ಹಾಕಬೇಕು, ಸೋಡದ ಮೇಲೆ ನೀರು ಹುಯ್ಯಬಾರದು, ಉಕ್ಕಿ ಮುಖಕ್ಕೆ ಸಿಡಿಯುತ್ತೆ. ಅಲ್ಯೂಮಿನಿಯಂ ಪಾತ್ರೆ ಮುಟ್ಟಬಾರದು, ಸೋಡ ಅದನ್ನ ತಿನ್ನುತ್ತೆ. ಕೈಗೆ ಗ್ಲೌಸು, ಕಣ್ಣಿಗೆ ಕನ್ನಡಕ, ಮಕ್ಕಳು ದೂರ. ಕೊಯ್ದ ಮೇಲೆ ನಾಲ್ಕರಿಂದ ಆರು ವಾರ ಗಾಳಿಗೆ ಒಣಗಬೇಕು. ನೀರು ಆರಿ ತೂಕ ಇಳಿಯುತ್ತೆ, ಚೀಟಿ ಮೇಲೆ ಬರೆಯೋದು ಒಣಗಿದ ಮೇಲಿನ ತೂಕ.

ಇನ್ನು ಕಾನೂನು. ಮನೇಲಿ ಮಾಡಿದ್ದಕ್ಕೆ ಲೈಸೆನ್ಸ್ ಬೇಡ ಅನ್ನೋ ಮಾತು ಸಂತೇಲಿ ಓಡಾಡ್ತಿದೆ. ಅದು ಹಳೇ ಕಾಲದ ನೆರಳು ಅಷ್ಟೆ. 1940ರ ಔಷಧ ಮತ್ತು ಸೌಂದರ್ಯವರ್ಧಕ ಕಾಯ್ದೆಯಲ್ಲಿ ಸೌಂದರ್ಯವರ್ಧಕದ ವ್ಯಾಖ್ಯೆಯಿಂದ ಒಂದು ಕಾಲಕ್ಕೆ ಸೋಪನ್ನ ಹೊರಗಿಟ್ಟಿದ್ರು. 1982ರ ತಿದ್ದುಪಡಿಯಲ್ಲಿ ಆ ವಿನಾಯಿತಿ ತೆಗೆದ್ರು. ಈಗ 2020ರ ಸೌಂದರ್ಯವರ್ಧಕ ನಿಯಮಗಳು ನಡೀತಿವೆ. ಮೈಗೆ, ತಲೆಗೆ ಹಚ್ಚೋದನ್ನ ಮಾಡಿ ಮಾರೋಕೆ ರಾಜ್ಯದ ಔಷಧ ನಿಯಂತ್ರಣ ಇಲಾಖೆಯ ಲೈಸೆನ್ಸ್ ಬೇಕು. ಚೀಟಿ ಮೇಲೆ ಮಾಡಿದೋರ ಹೆಸರು, ವಿಳಾಸ, ಬ್ಯಾಚ್ ನಂಬರು, ತೂಕ, ಒಳಗೇನಿದೆ, ಯಾವಾಗಿನವರೆಗೆ ಬಳಸಬಹುದು ಅನ್ನೋದು ಇರಬೇಕು. ಕಜ್ಜಿ, ಇಸುಬು ವಾಸಿ ಮಾಡುತ್ತೆ ಅಂತ ಬರೆದ್ರೆ ಅದು ಔಷಧದ ಲೆಕ್ಕಕ್ಕೆ ಹೋಗುತ್ತೆ, ಅದರ ಕಟ್ಟುಪಾಡೇ ಬೇರೆ. ಸ್ವಂತ ಘಟಕ ಕಟ್ಟೋ ಶಕ್ತಿ ಇಲ್ಲದೋರಿಗೆ ಲೋನ್ ಲೈಸೆನ್ಸ್ ಅಂತ ಇನ್ನೊಂದು ದಾರಿ ಇದೆ. ಅದು ಬ್ಯಾಂಕಿನ ಸಾಲ ಅಲ್ಲ. ಲೈಸೆನ್ಸ್ ಇರೋ ಬೇರೆಯವರ ಘಟಕದಲ್ಲಿ ನಮ್ಮ ಸಾಮಾನು ತಯಾರಿಸೋ ಪರವಾನಗಿ.

ಇದೆಲ್ಲ ಕೂತು ಮಾತಾಡಿ ನಮ್ಮ ಮನೇಲಿ ಒಂದು ತೀರ್ಮಾನಕ್ಕೆ ಬಂದಿದ್ದೀವಿ. ಮೂರು ಸಾಮಾನು ಬೇಡ, ಸೋಪು ಒಂದೇ. ಈ ವರ್ಷ ಮಾರಾಟ ಇಲ್ಲ. ಹತ್ತು ಸಲ ಒಂದೇ ಲೆಕ್ಕದಲ್ಲಿ ಮಾಡೋದು, ಪ್ರತಿ ಸಲದ ತೂಕ, ತಾರೀಖು ಪುಸ್ತಕದಲ್ಲಿ ಬರೆಯೋದು, ಮನೆಯೋರೇ ಬಳಸಿ ನೋಡೋದು. ಹತ್ತೂ ಒಂದೇ ಥರ ಬಂದ್ರೆ ಲೈಸೆನ್ಸಿನ ಕೆಲಸಕ್ಕೆ ಕೈ ಹಾಕೋದು. ಕೊಬ್ಬರಿ ದುಡ್ಡಲ್ಲಿ ತಕ್ಕಡಿ, ಅಚ್ಚು, ಒಂದು ಸ್ಟೀಲ್ ಪಾತ್ರೆಗೆ ಮಾತ್ರ ಈಗ ಖರ್ಚು, ಮಿಕ್ಕಿದ್ದು ಹಾಗೇ ಇರಲಿ.

ಒಂದು ಮನೆಗೆ ಲೈಸೆನ್ಸು, ಘಟಕ ಅಂದ್ರೆ ಭಾರ. ಹತ್ತು ಮನೆ ಕೂಡಿದ್ರೆ, ಇಲ್ಲಾ ನಮ್ಮ ರೈತ ಉತ್ಪಾದಕರ ಕಂಪನಿ ಮುಂದೆ ಬಂದ್ರೆ ಹೊರಬಹುದು. ಸುತ್ತಮುತ್ತಲ ಊರಲ್ಲಿ ಈಗಾಗಲೇ ಲೈಸೆನ್ಸ್ ತಗೊಂಡು ಸೋಪು ಮಾಡ್ತಿರೋರು ಇದ್ರೆ ತಿಳಿಸಿ. ನಾವೇ ಬಂದು ನೋಡ್ಕೊಂಡು ಹೋಗ್ತೀವಿ.