ಲಾರಿಯ ಗಾಜಿಗೂ ಒಂದು ಚರಿತ್ರೆ

ಗೋಕಾಕ, ಮೂಡಲಗಿ, ಹುಕ್ಕೇರಿಯ ಕಬ್ಬಿನ ಸೀಮೆಗೆ ಲಾರಿ ಹೊಸದಲ್ಲ. 1954ರಲ್ಲಿ ಟೆಲ್ಕೊ ಸಂಸ್ಥೆ ಜರ್ಮನಿಯ ಬೆಂಜ್ ಜತೆ ಕೈಜೋಡಿಸಿದ ಮೇಲೂ ದಶಕಗಳ ಕಾಲ ನಮ್ಮಲ್ಲಿ ಅನೇಕ ಮಾಲೀಕರು ಬರೀ ಚಾಸಿ ಕೊಂಡು, ಬಾಡಿ ಕಟ್ಟುವವರಿಂದಲೇ ಕ್ಯಾಬಿನ್ ಮಾಡಿಸುತ್ತಿದ್ದರು.

ಛಾವಣಿ ತಗ್ಗಿಸಿದರೆ ಗಾಜೂ ತಗ್ಗಬೇಕು. ತೊಡಕು ಇಲ್ಲೇ. ಕಾಯಿಸಿ ಗಟ್ಟಿಗೊಳಿಸಿದ ಟಫನ್ಡ್ ಗಾಜನ್ನು ಕೊಯ್ಯಹೋದರೆ ಪುಡಿಪುಡಿ. ಅದನ್ನು ಮೊದಲೇ ಅಳತೆಗೆ ಕತ್ತರಿಸಿ, ಆಮೇಲೆ ಕಾಯಿಸಬೇಕು. ನಡುವೆ ಪ್ಲಾಸ್ಟಿಕ್ ಪದರವಿರುವ ಲ್ಯಾಮಿನೇಟೆಡ್ ಗಾಜನ್ನಾದರೆ ಎರಡೂ ಬದಿ ಗೀರಿ, ಪದರ ಕತ್ತರಿಸಿ ಕಿರಿದಾಗಿಸಬಹುದು. ಇಂಥ ಗಾಜಿಗೆ ಫ್ರಾನ್ಸಿನ ಎದುವಾರ್ ಬೆನೆಡಿಕ್ಟಸ್ 1909ರಲ್ಲಿ ಪೇಟೆಂಟ್ ಪಡೆದರು. ಒಡೆದರೂ ಚೂರು ಪದರಕ್ಕೇ ಅಂಟಿರುತ್ತದೆ.

1989ರ ಕೇಂದ್ರ ಮೋಟಾರು ವಾಹನ ನಿಯಮಗಳಂತೆ ವಾಹನಕ್ಕೆ ಸುರಕ್ಷಾ ಗಾಜೇ ಬೇಕು. ಅಗ್ಗವೆಂದು ಸಾದಾ ಗಾಜು ಕೂಡಿಸಿದರೆ, ಅಪಘಾತದಲ್ಲಿ ಅದರ ಬೆಲೆ ತೆರುವುದು ಚಾಲಕನ ಕಣ್ಣು.